ಎರಡು ತುಂಡಿನ ಹೆಬ್ಬೆಟ್ಟು

ಹುಮನಾಬಾದಿನ ಸೋನುಬಾಯಿಯ ಎಡಗೈ ಹೆಬ್ಬೆರಳಿನ ಮೇಲೆ ಅಡ್ಡಗಾಯವೊಂದಿತ್ತು. ತವರೂರು ಬೇಮಳಖೇಡದಲ್ಲಿ ಜೋಳ ಕೊಯ್ಯುವಾಗ ಕುಡುಗೋಲು ತಾಗಿದ್ದು. ಎಲ್ಲಿ ಹೆಬ್ಬೆಟ್ಟು ಒತ್ತಿದರೂ ಗುರುತು ಎರಡು ತುಂಡಾಗಿಯೇ ಮೂಡುತ್ತಿತ್ತು.

ಗಂಡ ಸತ್ತ ಮೇಲೆ ಅವಳು ಗಂಜ್ ಪೇಟೆಯ ಕಾಳಿನ ಅಂಗಡಿಗಳಿಂದ ತೊಗರಿಬೇಳೆ ತಂದು, ಮನೆಯ ಒಂದೇ ಒಂದು ಕಿಟಕಿಯ ಕೆಳಗೆ ಕೂತು ಹರಳು ಆರಿಸಿ ಕೊಡುತ್ತಿದ್ದಳು. ಆ ಬೆಳಕೇ ಅವಳ ಹೊಟ್ಟೆಯ ರೊಟ್ಟಿ.

ಎಪ್ಪತ್ನಾಲ್ಕರ ದೀಪಾವಳಿ ಮುಗಿದದ್ದೇ, ಪಕ್ಕದ ಮನೆಯ ಮಹಾರುದ್ರಪ್ಪ ಆ ಕಿಟಕಿಗೆ ಮೊಳ ದೂರದಲ್ಲಿ ಕಲ್ಲುಗೋಡೆ ಎಬ್ಬಿಸತೊಡಗಿದ. ಓಣಿಯ ರೇಷನ್ ಅಂಗಡಿ ಅವನದೇ.

"ಪರವಾನಗಿ ತೊಗೊಂಡೀರೇನ್ರಿ, ಸಾವ್ಕಾರ?"

"ಎಲ್ಲಾ ಆಗ್ಯಾದ. ನೀ ನಿನ್ನ ಬ್ಯಾಳಿ ನೋಡ್ಕೋ ಹೋಗು."

ಎಲ್ಲ ಆಗಿದ್ದರೆ ಗೋಡೆ ಕಟ್ಟುವ ಗೌಂಡಿಗಳು ಆದಿತ್ಯವಾರ ಮಾತ್ರ ಯಾಕೆ ಬರುತ್ತಾರೆ? ಪುರಸಭೆ ಕಚೇರಿ ತೆರೆದಿರುವ ದಿನ ಗೋಡೆಯ ಮೇಲೆ ಗೋಣಿತಟ್ಟು ಯಾಕೆ? ಸೋನುಬಾಯಿ ಮೂರು ವಾರ ಕಣ್ಣಿಟ್ಟಳು. ಮೂರು ವಾರವೂ ಹಾಗೆಯೇ.

ಬಳೆ ಮಾರುವ ಗೆಳತಿ ವಜೀರಬಿ ಅವಳನ್ನು ಅರ್ಜಿ ಬರೆಯುವ ದೇವಿದಾಸನ ಹತ್ತಿರ ಕರೆದೊಯ್ದಳು.

"ಹೆಸರು ಹಾಕಬ್ಯಾಡಪ್ಪಾ. ಗೊತ್ತಾದ್ರ ಅಂವ ನನ್ನ ಸಕ್ಕರಿ, ಚಿಮಣಿ ಎಣ್ಣಿ ಬಂದ್ ಮಾಡ್ತಾನ" ಎಂದಳು ಸೋನುಬಾಯಿ.

ದೇವಿದಾಸ ಹೆಸರಿಲ್ಲದ ಅರ್ಜಿ ಬರೆದುಕೊಟ್ಟ. ಮನೆಗೆ ತಂದು ನೋಡಿದರೆ ಕಾಗದದ ಬುಡ ಬೋಳು. ಹೆಬ್ಬೆಟ್ಟಿಲ್ಲದ ಕಾಗದವನ್ನು ಯಾವ ಸಾಹೇಬ ನಂಬಿಯಾನು? ಕಂದೀಲಿನ ಮಸಿ ಹಚ್ಚಿ ಗಟ್ಟಿಯಾಗಿ ಒತ್ತಿದಳು. ಮಡಚಿ ಕಚೇರಿಯ ಅರ್ಜಿ ಡಬ್ಬಿಗೆ ಹಾಕಿ ಬಂದಳು.

ಓವರ್ಸಿಯರ್ ಬರುವಷ್ಟರಲ್ಲಿ ಇನ್ನೊಂದು ಆದಿತ್ಯವಾರ ಕಳೆದು, ಗೋಡೆ ಅರ್ಧ ಕಿಟಕಿಯನ್ನು ನುಂಗಿತ್ತು. ಅವನು ಅರ್ಜಿ ಕೈಯಲ್ಲಿ ಹಿಡಿದೇ ಗೋಡೆ ಅಳೆದ. ಮಹಾರುದ್ರಪ್ಪ ಅವನ ಬೆನ್ನ ಹಿಂದಿನಿಂದ ಕಾಗದ ಇಣುಕಿದ. ಪರವಾನಗಿ ಇರಲಿಲ್ಲ, ಕೆಲಸ ನಿಂತಿತು.

ಮರುದಿನ ನಳದ ಹತ್ತಿರ ಮಹಾರುದ್ರಪ್ಪನ ಹೆಂಡತಿ ಕಸ್ತೂರಿಬಾಯಿ ನಕ್ಕಳು. "ಏನ್ ಸೋನುಬಾಯಿ, ಈಗ ಬ್ಯಾಳಿ ಚಂದ ಕಾಣಾಕತ್ತದೇನ?"

ಬಾಯಿ ಬಿಟ್ಟವರು ಯಾರು? ದೇವಿದಾಸನೇ? ಅವನು ಒಂದು ಕಪ್ ಚಹಾಕ್ಕೆ ಏನು ಬೇಕಾದರೂ ಹೇಳಿಯಾನು. ಇಲ್ಲ ವಜೀರಬಿಯೋ? ನಿನ್ನೆಯಷ್ಟೇ ಕಸ್ತೂರಿಬಾಯಿ ಅವಳಿಂದ ಎರಡು ಡಜನ್ ಬಳೆ ಕೊಂಡಿದ್ದಳು. ನಿನ್ನೆಯೇ ಯಾಕೆ? ಎಂಟು ದಿನ ಅವಳು ವಜೀರಬಿಗೆ ಬಾಗಿಲು ತೆರೆಯಲಿಲ್ಲ.

ಒಂಬತ್ತನೆಯ ದಿನ ರೇಷನ್ ಬಂತು. ಮಹಾರುದ್ರಪ್ಪ ಹೆಬ್ಬೆಟ್ಟಿನ ರಿಜಿಸ್ಟರನ್ನು ಅವಳ ಕಡೆ ತಿರುಗಿಸಿದ.

"ಎಲ್ಲಾರ್ದೂ ಇಡೀ ಹೆಬ್ಬೆಟ್ಟು. ಈ ಎರಡು ತುಂಡಿಂದು ಯಾರ್ದವ್ವ? ಓವರ್ಸಿಯರ್ ಕೈಯಾಗಿನ ಕಾಗದದಾಗೂ ಇದೇ ಇತ್ತು."

ಸರದಿಯಲ್ಲಿ ಹಿಂದೆ ನಿಂತಿದ್ದ ವಜೀರಬಿ ಹಣೆ ಬಡಿದುಕೊಂಡಳು. "ಯಾ ಅಲ್ಲಾ! ಎಂಟ್ ದಿನ ನನ್ನ ಮ್ಯಾಲ ಶಕ್ ಮಾಡ್ದಿ. ನಿನ್ನ ಹೆಬ್ಬಟ್ಟಿಗೆ ಕೇಳಬೇಕಿತ್ತಲ್ಲೇ!"

ಸೋನುಬಾಯಿ ತನ್ನ ಹೆಬ್ಬೆರಳನ್ನೊಮ್ಮೆ ನೋಡಿಕೊಂಡಳು. ಆಮೇಲೆ ಅದನ್ನು ಮಸಿಗೆ ಅದ್ದಿ, ಎಲ್ಲರ ಕಣ್ಣೆದುರೇ ಒತ್ತಿದಳು.

"ನಂದೇ ಅದ. ಸಕ್ಕರಿ ಕೊಡಲಿಲ್ಲಂದ್ರ ಇನ್ನೊಂದ್ ಕಾಗದಕ್ಕ ಒತ್ತತೀನಿ. ತೂಗ್ರಿ."

ಇಡೀ ಸರದಿ ನೋಡುತ್ತಿತ್ತು. ಅವನು ತೂಗಿದ. ಅವಳು ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ.

ಗೋಡೆ ಅರ್ಧಕ್ಕೇ ಉಳಿಯಿತು. ಅವಳು ಮಣೆಯ ಮೇಲೆ ಮಣೆ ಹಾಕಿ, ಉಳಿದ ಬೆಳಕಿನ ಎತ್ತರಕ್ಕೆ ಕೂತು ಬೇಳೆ ಆರಿಸಿದಳು. ಸಾಯುವವರೆಗೆ, ಒಂಬತ್ತು ವರ್ಷ, ಪ್ರತಿ ಆದಿತ್ಯವಾರ ಚಹಾಕ್ಕೂ ಮೊದಲು ಆ ಗೋಡೆಯ ಕಲ್ಲಿನ ಸಾಲು ಎಣಿಸುತ್ತಿದ್ದಳು. ಹನ್ನೊಂದು, ಒಂದೂ ಹೆಚ್ಚಿಲ್ಲ. ಒಮ್ಮೆ ಎಣಿಸಿದರೆ ನಂಬಿಕೆ ಬಾರದೆ, ಮತ್ತೊಮ್ಮೆ.