ಸ್ಪೋರ್ಟ್ಸ್ ಕಾರಿಗೆ ಲಾರಿ ಬುದ್ಧಿ

ಆಗ ನಾನು ಬಿ.ಕಾಂ. ಮುಗಿಸಿ ಎರಡನೇ ವರ್ಷ. ಗ್ಯಾರೇಜ್ ಅಂತ ಕೇಳಿದರೆ ಬಸವಕಲ್ಯಾಣದ ನಮ್ಮ ಮನೆಯ ಹಿತ್ತಲು, ಅದರ ಮೇಲೊಂದು ತಗಡಿನ ಚಪ್ಪರ. ಬೆಳಿಗ್ಗೆ ಅಪ್ಪನ ಕಿರಾಣಿ ಅಂಗಡಿ, ಮಧ್ಯಾಹ್ನದ ಮೇಲೆ ಹಳೇ ಕಾರು ಬಿಚ್ಚುವ ಕೆಲಸ. ಯಾರ ಕೈಕೆಳಗೂ ಕಲಿತವನಲ್ಲ. ವಿಡಿಯೊ ನೋಡಿ, ಹಳೇ ವರ್ಕ್‌ಶಾಪ್ ಮ್ಯಾನುಯಲ್‌ಗಳನ್ನು ಮೊಬೈಲಿಗೆ ಇಳಿಸಿಕೊಂಡು, ಸಾಕಷ್ಟು ಬೋಲ್ಟ್ ಮುರಿದು ಕಲಿತದ್ದು. ನಮ್ಮೂರು ಲಾರಿಗಳ ಊರು. ಇಲ್ಲಿ ತೊಟ್ಟಿಲ ಕೂಸಿಗೂ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಶಿಯಲ್ ಅಂದರೆ ಗೊತ್ತು. ಆದರೆ ಗಾಡಿಗೆ ಭಾರ ಎಳೆಯುವುದು ಬಿಟ್ಟು ಬೇರೆ ಕೆಲಸವೂ ಇರಬಹುದು ಅನ್ನುವುದು ಮಾತ್ರ ಯಾರ ತಲೆಗೂ ಇಳಿಯುವುದಿಲ್ಲ. ಹಾಗೆ ಇಳಿಯದೇ ಹೋದದ್ದರಿಂದ ಹೊಸದಾಗಿ ಮದುವೆಯಾದ ಜೋಡಿಯೊಂದು ಹೆದ್ದಾರಿಯ ಮೇಲೆ ಚಕ್ರ ಕಳಚಿಕೊಂಡು ಬೀಳುವುದರಲ್ಲಿತ್ತು.

ಕಾರು ಹುಮನಾಬಾದಿನ ಬೇಳೆ ಮಿಲ್ಲಿನ ಮಾಲೀಕರಾದ ವೀರಭದ್ರಪ್ಪ ಸಾಹುಕಾರರದು. ಅರವತ್ತರ ದಶಕದ ಇಂಗ್ಲೆಂಡಿನ ಗಾಡಿ. ಎರಡೇ ಸೀಟು, ಮೇಲೆ ಛಾವಣಿ ಇಲ್ಲ, ಸೈಕಲ್ಲಿನ ಹಾಗೆ ಕಡ್ಡಿಗಳಿರುವ ಚಕ್ರ. ಅವರ ತಂದೆ ಹೈದರಾಬಾದಿನಿಂದ ಕೊಂಡು ತಂದು, ಒಂದೆರಡು ವರ್ಷ ಓಡಿಸಿ, ಗೋದಾಮಿನಲ್ಲಿ ನಿಲ್ಲಿಸಿದ್ದರು. ಆಮೇಲೆ ಆ ಮನೆಯವರು ಅದರ ಮೇಲೆ ತೊಗರಿ ಚೀಲ ಪೇರಿಸಿದರು. ಬಾನೆಟ್ಟು ತಗ್ಗಿಹೋಗಿದ್ದು ಹಾಗೆ. ಈಗ ಮಗ ಸಂಗಮೇಶನ ಮದುವೆ ಬಂತು, ಕಾರಿನ ನೆನಪೂ ಬಂತು. ಹುಡುಗಿ ಮಂಠಾಳದ ಪೂಜಾ. ಮದುವೆ ಬಸವಕಲ್ಯಾಣದಲ್ಲಿ. ಮುಗಿದ ಮೇಲೆ ಇಬ್ಬರೇ ಈ ಕಾರಿನಲ್ಲಿ ಹೆದ್ದಾರಿ ಹಿಡಿದು ಹುಮನಾಬಾದಿನ ಮನೆಗೆ ಹೋಗಬೇಕು ಅಂತ ಸಾಹುಕಾರರ ಆಸೆ.

ಕಾರು ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಹಗ್ಗ ಬಿಗಿಸಿಕೊಂಡು ನಮ್ಮ ಹಿತ್ತಲಿಗೆ ಬಂತು. ಎಂಜಿನ್ನಿನೊಳಗೆ ಇಲಿ ಗೂಡು ಕಟ್ಟಿತ್ತು. ಸಾಹುಕಾರರ ಮೊದಲ ಪ್ರಶ್ನೆ:

“ಆವರೇಜ್ ಎಷ್ಟ್ ಕೊಡ್ತದೋ ಮಲ್ಲು ಇದು?”

“ಇನ್ನಾ ಚಾಲೂನೇ ಆಗಿಲ್ರಿ ಸಾವ್ಕಾರ್ರ.”

“ಆದ ಮ್ಯಾಲ?”

ಆ ಮೂರು ತಿಂಗಳಲ್ಲಿ ನಮ್ಮ ಹಿತ್ತಲಿಗೆ ಬಂದವರೆಲ್ಲ ಕೇಳಿದ್ದು ಇದನ್ನೇ, ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ. ಬಾಗಿಲ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುವುದು, ಹಾರ್ನ್ ಒತ್ತುವುದು, ಆವರೇಜ್ ಕೇಳುವುದು, ಚಹಾ ಕುಡಿದು ಹೋಗುವುದು. ಒಬ್ಬನಾದರೂ ಬಗ್ಗಿ ಎರಡು ಕಾರ್ಬುರೇಟರ್ ಯಾಕಿವೆ ಅಂತ ಕೇಳಲಿಲ್ಲ. ಕಾರ್ಬುರೇಟರ್ ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ. ಎರಡೂ ಸಮ ಸಮ ಉಸಿರಾಡಬೇಕು. ಒಂದು ರಬ್ಬರ್ ಪೈಪನ್ನು ಕಿವಿಗಿಟ್ಟುಕೊಂಡು ಅದರ ಇನ್ನೊಂದು ತುದಿಯನ್ನು ಒಂದೊಂದರ ಬಾಯಿಗೂ ಹಿಡಿದು, ಎರಡರ ಸುಯ್ ಸದ್ದು ಒಂದೇ ಆಗುವವರೆಗೆ ಸ್ಕ್ರೂ ತಿರುಗಿಸಬೇಕು. ನಾನು ಹಾಗೆ ಕೂತಿದ್ದನ್ನು ನೋಡಿ ಪಕ್ಕದ ಮನೆಯವರು ಅಪ್ಪನ ಹತ್ತಿರ, “ನಿಮ್ಮ ಹುಡುಗ ಕಾರಿಗೆ ಡಾಕ್ಟರ್ಕಿ ಮಾಡಾಕತ್ತಾನ, ಸೂಜಿ ಯಾವಾಗ ಚುಚ್ಚತಾನ್ರಿ?” ಅಂದರು. ಅಪ್ಪ ಸಕ್ಕರೆ ತೂಗುವುದರಲ್ಲಿದ್ದರು, ತಲೆ ಎತ್ತಲಿಲ್ಲ.

ಹಿಂದೆ ಯಾವನೋ ಥರ್ಮೋಸ್ಟಾಟ್ ಕಿತ್ತು ಎಸೆದಿದ್ದ. ಎಂಜಿನ್ ಹದವಾಗಿ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಚಿಕ್ಕ ಮುಚ್ಚಳ ಅದು. ನಮ್ಮ ಕಡೆ ಯಾವ ಗಾಡಿ ಬಿಚ್ಚಿದರೂ ಅದು ಇರುವುದಿಲ್ಲ. ನಮ್ಮಲ್ಲಿ ಬಿಸಿಲು ಜಾಸ್ತಿ, ಅದು ಬೇಡ ಅನ್ನುತ್ತಾರೆ. ಎಂಜಿನ್ ತಯಾರಿಸಿದವರಿಗೆ ಬಿಸಿಲು ಅಂದರೆ ಗೊತ್ತಿರಲಿಲ್ಲ ಅಂತ ಇವರ ಲೆಕ್ಕ.

ಕೊನೆಗೂ ಎಂಜಿನ್ ಹದಕ್ಕೆ ಬಂತು. ನನ್ನ ಹತ್ತಿರ ಪೇಂಟ್ ಬೂತ್ ಇಲ್ಲ, ಅದನ್ನು ಮೊದಲೇ ಹೇಳಿದ್ದೆ. ಸಾಹುಕಾರರು ಕಾರನ್ನು ಹೆದ್ದಾರಿ ಬದಿಯ ಕಾಶಿನಾಥ ಮಿಸ್ತ್ರಿಯ ಗ್ಯಾರೇಜಿಗೆ ಒಯ್ದರು. ಈ ಮಿಸ್ತ್ರಿ ಲಾರಿ ಬಾಡಿ ಕಟ್ಟುವುದರಲ್ಲಿ, ಚಕ್ರದ ಕೆಲಸದಲ್ಲಿ ಹೆಸರುವಾಸಿ. ನಾನು, ಪೇಂಟ್ ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕಬೇಡಿ ಅಂತ ಅಂಗಲಾಚಿ ಬಂದೆ. “ಆಯ್ತೇಳ್ರಿ ಎಂಜಿನೀರ್ ಸಾಹೇಬ್ರ,” ಅಂದ. ನಾನು ಎಂಜಿನಿಯರ್ ಅಲ್ಲ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮದುವೆಗೆ ಎರಡು ದಿನ ಇರುವಾಗ ಕಾರು ವಾಪಸ್ ಬಂತು. ಕೆಂಪು ಬಣ್ಣ ಕಣ್ಣಿಗೆ ಹೊಡೆಯುತ್ತಿತ್ತು. ಮುಂದೆ ಲಾರಿಯ ಪ್ರೆಶರ್ ಹಾರ್ನ್. ಹಿಂದೆ ಕಪ್ಪು ರಿಬ್ಬನ್ ಜಡೆ, ಕೆಟ್ಟ ಕಣ್ಣು ಬೀಳಬಾರದಂತೆ. ಇಷ್ಟಕ್ಕೇ ನಿಂತಿದ್ದರೆ ಮೂಗು ಮುರಿದು ಸುಮ್ಮನಾಗುತ್ತಿದ್ದೆ.

ಬ್ರೇಕ್ ನೋಡಲು ಎಡಗಡೆಯ ಮುಂದಿನ ಚಕ್ರ ಬಿಚ್ಚಹೋದೆ. ಈ ಕಾರಿನ ಚಕ್ರಕ್ಕೆ ನಾಲ್ಕೈದು ನಟ್ಟು ಇರುವುದಿಲ್ಲ. ನಟ್ಟನಡುವೆ ಒಂದೇ ದೊಡ್ಡ ನಟ್ಟು, ಅದಕ್ಕೆ ಎರಡು ಕಿವಿ. ಕಿವಿಗೆ ಸುತ್ತಿಗೆಯಲ್ಲಿ ಹೊಡೆದು ಬಿಗಿಸಬೇಕು, ಹೊಡೆದೇ ಬಿಚ್ಚಬೇಕು. ಎಷ್ಟು ಹೊಡೆದರೂ ಬಿಚ್ಚಲಿಲ್ಲ. ಸಿಟ್ಟಿಗೆ ಎದುರು ದಿಕ್ಕಿಗೆ ಹೊಡೆದೆ, ಬಿಚ್ಚಿತು. ಎಡಗಡೆ ಉಲ್ಟಾ ಥ್ರೆಡ್ ಇತ್ತು. ಬಲಗಡೆ ಹೋಗಿ ನೋಡಿದರೆ ಅಲ್ಲಿ ಸೀದಾ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಥ್ರೆಡ್ ಅಂದರೆ ನಟ್ಟು ಸುತ್ತಿಕೊಳ್ಳುವ ಗೆರೆ. ಸೀದಾ ಆದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಬಿಗಿಯುತ್ತದೆ, ಉಲ್ಟಾ ಆದರೆ ಎದುರು ದಿಕ್ಕಿಗೆ. ನಮ್ಮ ಹಳೇ ಲಾರಿಗಳಲ್ಲಿ ಎಡಗಡೆಯ ಚಕ್ರದ ನಟ್ಟುಗಳಿಗೆ ಉಲ್ಟಾ ಥ್ರೆಡ್, ಬಲಗಡೆ ಸೀದಾ. ಓಡುವಾಗ ಸಡಿಲ ಆಗದಿರಲಿ ಅಂತ. ಈ ಕಾರಿನಲ್ಲಿ ನಟ್ಟು ಒಂದೇ, ಚಕ್ರದ ನಡುವಿನ ಗುಳಿಯೊಳಗೆ ಕೂಡುತ್ತದೆ. ಗಾಡಿಯ ಭಾರಕ್ಕೆ ಒತ್ತಿಕೊಂಡು, ಚಕ್ರ ತಿರುಗುವ ದಿಕ್ಕಿಗೆ ಎದುರಾಗಿ ಕೂದಲೆಳೆಯಷ್ಟು ಹೊರಳುತ್ತಾ ಇರುತ್ತದೆ. ಅದಕ್ಕೇ ಇದರಲ್ಲಿ ಎಡಗಡೆ ಸೀದಾ, ಬಲಗಡೆ ಉಲ್ಟಾ. ಲಾರಿಗೆ ಪೂರ್ತಿ ವಿರುದ್ಧ. ಸರಿಯಾಗಿ ಕೂಡಿಸಿದರೆ ಓಡಿದಷ್ಟೂ ಬಿಗಿ, ಅದಲುಬದಲು ಮಾಡಿದರೆ ಓಡಿದಷ್ಟೂ ಸಡಿಲ. ನಟ್ಟು ಕೂಡುವ ಹಬ್ಬುಗಳನ್ನು, ಅಂದರೆ ಚಕ್ರದ ಗುಂಬಗಳನ್ನು, ಪೇಂಟಿಗೆ ಬಿಚ್ಚಿದ ಮಿಸ್ತ್ರಿ, ಯಾವನೋ ತಪ್ಪಾಗಿ ಕೂಡಿಸಿದ್ದಾನೆ ಅಂತ ತಿಳಿದು, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಲಾರಿಯ ರಿವಾಜಿಗೆ ತಂದಿದ್ದ. ನಟ್ಟಿನ ಮೇಲೆ ಯಾವ ಕಡೆ ಬಿಚ್ಚಬೇಕು ಅಂತ ಬಾಣದ ಗುರುತು ಇತ್ತು. ಕ್ರೋಮ್ ಹೊಳಪು ಬರಲಿ ಅಂತ ಅದನ್ನೂ ಉಜ್ಜಿ ತೆಗೆಸಿದ್ದ. ಮೇಲಾಗಿ ನಟ್ಟು ಕೂಡುವ ಮುಖಕ್ಕೂ ದಪ್ಪಗೆ ಪೇಂಟ್ ಬಳಿದಿದ್ದ.

ಫೋನ್ ಮಾಡಿ ಕರೆಸಿದೆ. ಸಾಹುಕಾರರು, ಸಂಗಮೇಶ, ಮಿಸ್ತ್ರಿ ಮೂವರೂ ಬಂದರು. ಮೊಬೈಲಿನಲ್ಲಿ ಮ್ಯಾನುಯಲ್ ತೆಗೆದು ಮುಂದೆ ಹಿಡಿದರೆ ಮಿಸ್ತ್ರಿ ಅದರ ಕಡೆ ನೋಡಲೇ ಇಲ್ಲ. ಅಂಗೈಯಲ್ಲಿ ತಂಬಾಕು ತಿಕ್ಕುತ್ತಾ ಸಾಹುಕಾರರಿಗೆ ಹೇಳಿದ:

“ನಮ್ಮಪ್ಪನ ಕಾಲದಿಂದ ಗಾಲಿ ಬಿಚ್ಚಾಕತ್ತೇವ್ರಿ. ಎಡಗಡಿ ಅಂದ್ರ ಉಲ್ಟಾ. ಈ ಹುಡುಗ ಮೊಬೈಲ್ ನೋಡಿ ನನಗ ಗಾಲಿ ಕಲಿಸ್ತಾನ.”

“ಅದು ಲಾರಿ ಮಾತು, ಕಾಕಾ. ಇದು ಲಾರಿ ಅಲ್ಲ.”

“ಗಾಲಿ ದುಂಡಗ ಅದ ಇಲ್ಲೋ? ಲಾರಿದೂ ದುಂಡಗೇ ಅದ.”

ಸಾಹುಕಾರರು ನಕ್ಕರು. “ಮಲ್ಲು, ಬರೋಬ್ಬರಿ ಬಿಗಿ ಮಾಡ್ಯಾನಲ್ಲೋ. ಇನ್ನ ಗಾಡಿ ಸಿಂಗಾರ ಮಾಡಾಕ ಹೂವಿನವ ಬರ್ತಾನ. ಈಗ ಬಿಚ್ಚಿ ಪೇಂಟ್ ಕೆಡಸಬ್ಯಾಡ,” ಅಂದರು. ಅವರಿಗಿದ್ದ ಚಿಂತೆ ಪೇಂಟಿನದ್ದು. ಆ ಕಾರಿನಲ್ಲಿ ಕೂಡುವವನು ಅವರದೇ ಮಗ ಅನ್ನುವುದು ಆ ಗಳಿಗೆಯಲ್ಲಿ ತಲೆಯಲ್ಲಿ ಇದ್ದಂತಿರಲಿಲ್ಲ.

ಇಂಥವರ ಜೊತೆ ವಾದ ಮಾಡುವುದು ನನಗೆ ಬೇಡವಾಯಿತು. ನಾನು ಬಿಚ್ಚಿದ್ದ ನಟ್ಟನ್ನು ಮಿಸ್ತ್ರಿಯ ಕೈಯಲ್ಲೇ ಮತ್ತೆ ಹೊಡೆದು ಬಿಗಿ ಮಾಡಿಸಿದೆ. ಮಿಸ್ತ್ರಿಯ ಕೈಯಿಂದ ಸುಣ್ಣದ ಡಬ್ಬಿ ತೆಗೆದುಕೊಂಡೆ. ನಾಲ್ಕೂ ನಟ್ಟಿನಿಂದ ಚಕ್ರದವರೆಗೆ ಒಂದೊಂದು ನೇರ ಗೆರೆ ಎಳೆದು, ಒಣಗುವವರೆಗೆ ಕಾದೆ. “ಮೋರಖಂಡಿತನಕ ಹೋಗಿ ಬರ್ರಿ. ಸಾವಕಾಶ ಹೋಗ್ರಿ, ಬ್ರೇಕ್ ಮಾತ್ರ ಆಗಾಗ ಒತ್ತರಿ,” ಅಂತ ಸಂಗಮೇಶನಿಗೆ ಹೇಳಿದೆ. ಮೋರಖಂಡಿ ಅಂದರೆ ಪಕ್ಕದ ಊರು. ಮಿಸ್ತ್ರಿ ಪಕ್ಕದಲ್ಲಿ ಕೂತ. ನಾನು ಬೈಕಿನಲ್ಲಿ ಹಿಂದೆ ಹೋದೆ. ದಾರಿಯುದ್ದಕ್ಕೂ ಮಿಸ್ತ್ರಿ ಪ್ರೆಶರ್ ಹಾರ್ನ್ ಒತ್ತಿಸುತ್ತಲೇ ಇದ್ದ. ಎಮ್ಮೆಗಳು ಓಡಿದವು.

ವಾಪಸ್ ಬಂದು ನಿಲ್ಲಿಸಿದಾಗ ನಾಲ್ಕೂ ಗೆರೆ ತುಂಡಾಗಿದ್ದವು. ಎಡಗಡೆಯ ಮುಂದಿನದಂತೂ ನಟ್ಟಿನ ಮೇಲೊಂದು ಕಡೆ, ಚಕ್ರದ ಮೇಲೊಂದು ಕಡೆ, ನಡುವೆ ಎರಡು ಬೆರಳಷ್ಟು ಜಾಗ.

ಮಿಸ್ತ್ರಿ ಬಗ್ಗಿ ನೋಡಿ, “ಸುಣ್ಣ ಹಸಿ ಇತ್ತು, ಸರದದ,” ಅಂದ.

ಸಂಗಮೇಶ ಸುತ್ತಿಗೆ ತಗೊಂಡು ಆ ನಟ್ಟಿನ ಕಿವಿಗೆ ಮೆಲ್ಲಗೆ ಒಂದೇ ಪೆಟ್ಟು ಕೊಟ್ಟ. ಆಮೇಲೆ ಬೆರಳಲ್ಲೇ ತಿರುಗಿಸಿ ನಟ್ಟನ್ನು ಪೂರ್ತಿ ಬಿಚ್ಚಿ ಅಪ್ಪನ ಕೈಯಲ್ಲಿಟ್ಟ. “ಹುಮನಾಬಾದ್‌ತನಕ ಬರ್ತಿತ್ತೇನ್ರಿ ಅಪ್ಪಾ ಇದು?” ಅಂದ.

ಸಾಹುಕಾರರು ನಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಬಾಯಿಂದ ಆಮೇಲೆ ಬಂದದ್ದು, “ಪೇಂಟಿಗೆ ಗೀರು ಬೀಳಬಾರ್ದು ನೋಡು ಮಲ್ಲು.”

ಹಬ್ಬುಗಳನ್ನು ಮತ್ತೆ ಅವುಗಳ ಜಾಗಕ್ಕೆ ತಂದೆ. ನಟ್ಟಿನ ಮುಖದ ಪೇಂಟನ್ನು ಕೆರೆದು, ಲೋಹಕ್ಕೆ ಲೋಹ ತಾಗುವ ಹಾಗೆ ಮಾಡಿ ಬಿಗಿಸಿದೆ. ಸಂಗಮೇಶ ಪಕ್ಕದಲ್ಲೇ ಕೂತು ಪ್ರತಿ ಪೆಟ್ಟನ್ನೂ ನೋಡಿದ. ಮತ್ತೆ ಸುಣ್ಣದ ಗೆರೆ ಎಳೆದು, ಮೋರಖಂಡಿಗೆ ಹೋಗಿ ಬಂದೆವು. ಗೆರೆ ಅಲ್ಲಾಡಿರಲಿಲ್ಲ.

ಮದುವೆಯ ದಿನ ಹೋಗಿ ನೋಡಿದರೆ ಸುಣ್ಣ ಇಲ್ಲ. ಫೋಟೊದಲ್ಲಿ ಕ್ರೋಮಿನ ಮೇಲೆ ಬಿಳಿ ಕಲೆ ಕಾಣುತ್ತದೆ ಅಂತ ಸಾಹುಕಾರರೇ ಒರೆಸಲು ಹೇಳಿದ್ದರು. ಮತ್ತೆ ಎಳೆಯಹೋದರೆ ಹೂವಿನವನು ಅಡ್ಡ ಬಂದ. ಅದೇ ಹೊತ್ತಿಗೆ ಗಾಡಿ ಪೂಜೆಗೆ ಹುಡುಗ ಹುಡುಗಿ ಬಂದರು. ಸಂಗಮೇಶ ಅವಳ ಕಿವಿಯಲ್ಲಿ ಏನೋ ಅಂದ. ಪೂಜಾ ಆರತಿ ತಟ್ಟೆಯ ಕುಂಕುಮಕ್ಕೆ ನೀರು ಹನಿಸಿ, ಬೆರಳು ಅದ್ದಿ, ನನ್ನ ಕಡೆ ತಿರುಗಿದಳು.

“ಗೆರಿ ಎಲ್ಲಿಂದ ಎಲ್ಲಿತನಕ ಎಳೀಲ್ರಿ ಅಣ್ಣಾ?”

ತೋರಿಸಿದೆ. ನಾಲ್ಕೂ ಚಕ್ರಕ್ಕೆ ಎಳೆದಳು. ಈ ಸಲ ಒರೆಸು ಅನ್ನಲು ಯಾರಿಗೂ ಧೈರ್ಯ ಬರಲಿಲ್ಲ. ಅಳತೆಯ ಗುರುತಾದರೆ ಕಲೆ, ಕುಂಕುಮವಾದರೆ ಶುಭ. ಸಾಹುಕಾರರೂ ಕೈ ಮುಗಿದರು. ಕಾಶಿನಾಥ ಮಿಸ್ತ್ರಿಯೂ ಮುಗಿದ. ಅವನ ಹೆಗಲ ಮೇಲೆ ಆಗಲೇ ಸಾಹುಕಾರರು ಹೊದಿಸಿದ ಶಾಲು ಇತ್ತು, ಕಾರು ರೆಡಿ ಮಾಡಿದ್ದಕ್ಕೆ.

ನಾನು ಬೈಕಿನಲ್ಲಿ ಹುಮನಾಬಾದಿನವರೆಗೆ ಹಿಂದೆಯೇ ಹೋದೆ. ಲಾರಿಗಳು ಎರಡೂ ಬದಿಯಿಂದ ನುಗ್ಗುತ್ತಿದ್ದವು. ನನ್ನ ಕಣ್ಣು ಎಡಗಡೆಯ ಚಕ್ರದಿಂದ ಆಚೆ ಈಚೆ ಹೋಗಲಿಲ್ಲ. ಮನೆ ಮುಂದೆ ಕಾರು ನಿಂತಾಗ ಹೆಂಗಸರು ಆರತಿ ಹಿಡಿದು ಕಾಯುತ್ತಿದ್ದರು. ಪೂಜಾ ಇಳಿದವಳು ಹೊಸ್ತಿಲ ಕಡೆ ಹೋಗದೆ, ಸೀರೆ ಸೆರಗು ಹಿಡಿದುಕೊಂಡು ಕಾರಿನ ಸುತ್ತ ಬಂದು, ಒಂದೊಂದು ಚಕ್ರದ ಮುಂದೆ ಬಗ್ಗಿದಳು.

“ನೋಡ್ರೀ, ಗಾಡಿಗೂ ನಮಸ್ಕಾರ ಮಾಡಾಕತ್ತಾಳ. ಸಂಸ್ಕಾರದ ಹುಡುಗಿ,” ಅಂದಳು ಒಬ್ಬ ಮುದುಕಿ.

ಪೂಜಾ ಎದ್ದು ನನ್ನ ಕಡೆ ನೋಡಿ, “ನಾಕೂ ಗೆರಿ ಸೀದಾ ಅವರಿ,” ಅಂದಳು. ಆಮೇಲೆ ಒಳಗೆ ಹೋದಳು.

ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಅನುಭವ ಅನುಭವ ಅಂತ ಎದೆ ಬಡಿದುಕೊಳ್ಳುವವರಿಗೆ ಉತ್ತರ ಕೊಡುತ್ತಾ ಕೂಡಬಾರದು. ಗೆರೆ ಎಳೆದು, ಗಾಡಿ ಓಡಿಸಿ, ಬಗ್ಗಿ ನೋಡಬೇಕು. ಆ ಕಾರನ್ನು ಅವತ್ತು ಹಾಗೆ ಬಗ್ಗಿ ನೋಡಿದವಳು ಒಬ್ಬಳೇ. ಈಗಲೂ ಸರ್ವಿಸ್ ಆಗಬೇಕಾದರೆ ಆ ಮನೆಯಿಂದ ನನಗೆ ಫೋನ್ ಮಾಡುವವಳು ಅವಳೇ. ಇವತ್ತಿನವರೆಗೆ ಒಮ್ಮೆಯೂ ಆವರೇಜ್ ಕೇಳಿಲ್ಲ.