ಎಲ್ ಆಕಾರದ ಮನೆಯ ಮೂಲೆಗೋಡೆ

ಚೆನ್ನೈನ ಅಣ್ಣಾ ನಗರದ ಫ್ಲ್ಯಾಟಿಗೆ ಬರುವ ಮೊದಲು ನಾವಿದ್ದದ್ದು ಕೀಲ್ಪಾಕಿನ ಹಳೆಯ ಮನೆಯಲ್ಲಿ. ಮೇಲಿನಿಂದ ನೋಡಿದರೆ ಇಂಗ್ಲಿಷಿನ ಎಲ್ ಅಕ್ಷರ: ಬೀದಿಯ ಕಡೆಗೊಂದು ತೋಳು, ಬಾವಿಯ ಕಡೆಗೊಂದು. ಎರಡೂ ಸೇರುವ ಮೂಲೆಯಲ್ಲೊಂದು ದಪ್ಪ ಗೋಡೆ. ಅಕ್ಕನ ನಿಶ್ಚಿತಾರ್ಥಕ್ಕೆ ದೊಡ್ಡ ಹಾಲ್ ಬೇಕೆಂದು ಅಪ್ಪ ಅದನ್ನು ಒಡೆಸಲು ಹೊರಟಿದ್ದರು. ಅಜ್ಜಿ ಸುತರಾಂ ಒಪ್ಪಲಿಲ್ಲ. ಪ್ರತಿ ನವರಾತ್ರಿಗೆ ಬೊಂಬೆ ಕೂರಿಸುತ್ತಿದ್ದುದು ಆ ಗೋಡೆಗೆ ಒರಗಿಸಿಯೇ.

ನಾನು ಓದುತ್ತಿದ್ದದ್ದು ಕಾಮರ್ಸ್. ಆದರೆ ತಲೆ ತುಂಬ ಭೂಕಂಪ. ನೆಲ ನಡುಗಿದರೆ ಕಟ್ಟಡ ಹೇಗೆ ಅಲ್ಲಾಡುತ್ತದೆ ಎಂಬ ಲೆಕ್ಕವನ್ನು ವಿಡಿಯೋ ನೋಡಿಕೊಂಡೇ ಕಲಿತಿದ್ದೆ. ಟೇಪು ಹಿಡಿದು ಮನೆಯನ್ನೆಲ್ಲ ಅಳೆದು, ಕಂಪ್ಯೂಟರಿನಲ್ಲಿ ಕಟ್ಟಿ, ಅಲ್ಲಾಡಿಸಿ ನೋಡಿದೆ. ಇಡೀ ಮನೆ ಒಂದೇ ಹಲಗೆಯ ಹಾಗೆ ಸ್ವಲ್ಪ ತಿರುಗಿತು, ಅಷ್ಟೇ. ಆ ಗೋಡೆ ತೆಗೆದರೂ ಅದರ ಪಾಲನ್ನು ಉಳಿದ ಗೋಡೆಗಳು ಹೊತ್ತುಕೊಂಡವು. ತೆಗೆಯಬಹುದು ಅಂದುಬಿಟ್ಟೆ. ಅಜ್ಜಿ ನನ್ನ ಜೊತೆ ಮಾತು ಬಿಟ್ಟರು.

ಆ ವಾರವೇ ಬೊಂಬೆ ಪೆಟ್ಟಿಗೆ ಇಳಿಸಲು ಅಟ್ಟ ಹತ್ತಿದೆ. ತಲೆಗೆ ತೇಗದ ತೊಲೆ ಬಡಿಯಿತು. ತಲೆ ಉಜ್ಜಿಕೊಳ್ಳುತ್ತಾ ಮೇಲೆ ನೋಡಿದೆ. ಸಾಲು ಸಾಲು ಮರದ ತೊಲೆ, ಅದರ ಮೇಲೆ ಇಟ್ಟಿಗೆ, ಗಾರೆ. ಹಳೆಯ ಮದರಾಸು ತಾರಸಿ. ನನ್ನ ಲೆಕ್ಕದಲ್ಲಿದ್ದದ್ದು ಬಗ್ಗದ ಕಾಂಕ್ರೀಟು. ಸಾಫ್ಟ್‌ವೇರಿನಲ್ಲಿ 'ಬಗ್ಗದ ತಾರಸಿ' ಎಂಬುದರ ಎದುರು ಮೊದಲೇ ಬಿದ್ದಿದ್ದ ಟಿಕ್ ಮಾರ್ಕನ್ನು ನಾನು ಮುಟ್ಟಿಯೇ ಇರಲಿಲ್ಲ.

ಟಿಕ್ ತೆಗೆದು ಮತ್ತೆ ಅಲ್ಲಾಡಿಸಿದೆ. ಈ ಸಲ ಎರಡು ತೋಳುಗಳೂ ತಮ್ಮ ಪಾಡಿಗೆ ತಾವು ಆಡಿ, ಸೇರುವ ಮೂಲೆಯನ್ನೇ ಹರಿಯುವಂತೆ ಎಳೆದವು. ಬಗ್ಗುವ ತಾರಸಿ ದೂರದ ಗೋಡೆಗಳಿಗೆ ಭಾರ ದಾಟಿಸುವುದಿಲ್ಲ. ಹತ್ತಿರದ್ದೇ ಹೊರಬೇಕು. ಆ ಮೂಲೆಗೆ ಹತ್ತಿರ ಇದ್ದದ್ದು ಅದೊಂದೇ ಗೋಡೆ.

ಅಪ್ಪ ಪರದೆಯನ್ನು ತುಂಬ ಹೊತ್ತು ನೋಡಿದರು.

"ಮೊನ್ನೆ ತೆಗೀಬಹುದು ಅಂದೆ, ಇವತ್ತು ಬೇಡ ಅಂತೀಯ. ನಿಮ್ಮಜ್ಜಿ ಎಷ್ಟು ಚಕ್ಲಿ ಕೊಟ್ರೋ ಇದಕ್ಕೆ?"

"ಇಲ್ಲಪ್ಪಾ, ಮೇಲ್ಗಡೆ ಕಾಂಕ್ರೀಟ್ ಇದೆ ಅಂದ್ಕೊಂಡಿದ್ದೆ."

ಅಡುಗೆಮನೆಯಿಂದ ಅಜ್ಜಿಯ ದನಿ ಬಂತು: "ಹುಟ್ಟಿದಾಗಿಂದ ಇಲ್ಲೇ ಅಂಗಾತ ಮಲಗ್ತೀಯಲ್ಲೋ, ಒಂದ್ಸಲನಾದ್ರೂ ಕಣ್ಣು ಬಿಟ್ಟು ನೋಡ್ಲಿಲ್ವಾ?"

ಅಪ್ಪ ನನ್ನನ್ನು ಪೂರ್ತಿ ನಂಬಲಿಲ್ಲ. ಪರಿಚಯದ ಇಂಜಿನಿಯರೊಬ್ಬರನ್ನು ಕರೆಸಿದರು. ಅವರೂ ಮುಟ್ಟಬೇಡಿ ಅಂದಮೇಲೆಯೇ ಗೋಡೆ ಉಳಿಯಿತು.

ನಿಶ್ಚಿತಾರ್ಥ ಹಾಗೆಯೇ ನಡೆಯಿತು, ಗಂಡಸರೆಲ್ಲ ಬೀದಿಯ ತೋಳಿನಲ್ಲಿ, ಹೆಂಗಸರೆಲ್ಲ ಬಾವಿಯ ತೋಳಿನಲ್ಲಿ. ಪುರೋಹಿತರು ಎರಡರ ನಡುವಿನ ಬಾಗಿಲಲ್ಲಿ ನಿಂತು ಲಗ್ನಪತ್ರಿಕೆಯನ್ನು ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ತಿರುಗಿ ಓದಿದರು. ಗೋಡೆಯಾಚೆ ಹೆಂಗಸರು ಏನಕ್ಕೋ ನಕ್ಕರೆ, ಏನೆಂದು ಗೊತ್ತಿಲ್ಲದೆ ಈಚೆ ನಾವೂ ನಗುತ್ತಿದ್ದೆವು.