ಬಂದೆ ಎನ್ನುವ ಮಾತು

ದೇವರ ಸೇವೆಗೆಂದು ಪಾದ್ರಿ ಗಂಡನ ಜೊತೆ ಪರದೇಶಕ್ಕೆ ಹೋದ ನರ್ಸಮ್ಮ, ಅಲ್ಲಿಯ ಮಿಶನ್ ದವಾಖಾನೆಯಲ್ಲಿ ಬಿಡುವಿಲ್ಲದೆ ದುಡಿದಳು. ಆ ಊರಿನ ಭಾಷೆಯಲ್ಲಿ ಅವಳಿಗೆ ಬರುತ್ತಿದ್ದುದು ರೋಗಿಗಳಿಗೆ ಬೇಕಾದಷ್ಟೇ: ಎಲ್ಲಿ ನೋವು, ಬಾಯಿ ತೆಗಿ, ಹೆದರಬೇಡ.

"ನಿನ್ನ ಮಾತು ಕೇಳಿದ್ರೆ ಗಟ್ಟಿಮುಟ್ಟಾಗಿರೋರಿಗೂ ಜ್ವರ ಬರುತ್ತೆ ಕಣೇ," ಎಂದು ಗಂಡ ನಗುತ್ತಿದ್ದ.

ಮಗಳು ಮಾತ್ರ ಆ ಊರಿನವಳೇ ಆದ ಅಡುಗೆಯಾಕೆಯ ಸೊಂಟದ ಮೇಲೆ ಬೆಳೆದವಳು. ಆ ಭಾಷೆಯನ್ನು ಅರಳು ಹುರಿದಂತೆ ಆಡುತ್ತಿದ್ದಳು. ಮನೆಮಾತು ಅವಳಿಗೆ ಭಾನುವಾರದ ಬಟ್ಟೆಯಿದ್ದಂತೆ, ಆಗೀಗ ತೊಟ್ಟು ಬಿಚ್ಚಿಡುವಂಥದ್ದು.

ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ಮಗುವಿಗೆ ಜ್ವರ ನೆತ್ತಿಗೇರಿತು. ತಾಯಿ ದವಾಖಾನೆ ಬಿಟ್ಟು ಬಂದು, ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಳು. ಮಗು ಕಣ್ಣು ಮುಚ್ಚಿಕೊಂಡೇ ಆ ಊರಿನ ಭಾಷೆಯಲ್ಲಿ ಒಂದೇ ಮಾತನ್ನು ಬಡಬಡಿಸುತ್ತಿತ್ತು. ತಾಯಿಗೆ ತಿಳಿಯಲಿಲ್ಲ.

"ಏನಂತಿದಾಳೆ ಹೇಳೇ. ನೀರು ಬೇಕಂತಾ?"

ಮನೆಯವರ ಮಾತನ್ನು ಅಷ್ಟಿಷ್ಟು ಕಲಿತಿದ್ದ ಅಡುಗೆಯಾಕೆ ಕಣ್ಣೊರೆಸಿಕೊಂಡಳು. "ನೀರಲ್ಲ ಅಕ್ಕಾ. ರೋಗಿಗಳೆಲ್ಲ ಹೋದ್ಮೇಲೆ ಅಮ್ಮನ್ನ ಬರೋಕೆ ಹೇಳು ಅಂತಿದಾಳೆ."

"ಇಲ್ಲೇ ಇದೀನಲ್ಲೇ ಚಿನ್ನಾ, ಬಂದಿದೀನಿ ನೋಡು!"

ತಾಯಿ ಕೆನ್ನೆ ತಟ್ಟಿದಳು. ಮಗುವಿನ ತಲೆಗೆ ಮನೆಮಾತು ಹತ್ತಲಿಲ್ಲ.

"ಬಂದೆ ಅನ್ನೋದಕ್ಕೆ ನಿಮ್ಮಲ್ಲಿ ಏನಂತೀರಿ? ಬೇಗ ಹೇಳೇ."

ಅಡುಗೆಯಾಕೆ ಹೇಳಿಕೊಟ್ಟಳು. ನಾಲಿಗೆ ಹೊರಳದೆ ಮೊದಲು ತಪ್ಪಿತು. ತಿದ್ದಿಕೊಂಡು, ಮಗಳ ಕಿವಿಗೆ ಬಾಯಿಟ್ಟು, ಅಲ್ಲೇ ಹುಟ್ಟಿದವಳಂತೆ ನುಡಿಯುವ ಹೊತ್ತಿಗೆ ಮಗುವಿನ ಉಸಿರು ನಿಂತಿತ್ತು.

ತಾಯಿ ಅದೊಂದೇ ಮಾತನ್ನು ಹೇಳುತ್ತಲೇ ಇದ್ದಳು.